ಕಡ್ಡಿ ಯಾವುದು, ಉಲ್ಲನ್ ಯಾವುದು: ಮನೆಯಲ್ಲಿ ಹೆಣೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಬಂದರೆ ಚಳಿ ‘ಶಿವಶಿವಾ’ ಅಂತ ಓಡಿಹೋಗುವ ಸೀಮೆ ನಮ್ಮದು. ಆದರೂ ದೀಪಾವಳಿ ಕಳೆದದ್ದೇ ತಡ, ದಾವಣಗೆರೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಉಲ್ಲನ್ ಕೇಳುವವರು ಶುರುವಾಗುತ್ತಾರೆ. ಮಗಳ ಬಾಣಂತನಕ್ಕೆ ಸ್ಕಾರ್ಫ್, ಮೊಮ್ಮಗುವಿಗೆ ಕುಲಾವಿ, ಬೆಂಗಳೂರಿನ ಹಾಸ್ಟೆಲಿಗೆ ಹೋದ ಮಗನಿಗೆ ಸ್ವೆಟರ್. ಹೆಣಿಗೆ ಕಲಿಯಲು ಬರುವವರೂ ಅಂಗಡಿಯಲ್ಲಿ ನಿಂತುಕೊಂಡೇ ಫೋನ್ ಮಾಡುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಾನು ಇನ್ನೂ ಒಂದು ಕುಣಿಕೆಯನ್ನೂ ಹಾಕಿದವಳಲ್ಲ. ಮೊದಲು ಏನು ತರಲಿ?

8 ನಂಬರಿನ ಕಡ್ಡಿ ಒಂದು ಜೊತೆ, ಅಂದರೆ 4 ಮಿ.ಮೀ. ದಪ್ಪದ್ದು. ಅದರ ಜೊತೆ ಡಿಕೆ, ಅಂದರೆ ‘ಡಬಲ್ ನಿಟ್’ ಎನ್ನುವ ಮಧ್ಯಮ ದಪ್ಪದ ಉಲ್ಲನ್ 100 ಗ್ರಾಂ. ಇಷ್ಟು ಸಾಕು. ಬಣ್ಣ ತಿಳಿಯಾಗಿರಲಿ: ಕೆನೆ, ಹಳದಿ, ತಿಳಿ ನೀಲಿ. ಕಪ್ಪು ಅಥವಾ ಕಡುನೀಲಿ ತಂದರೆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಯಾವ ಕುಣಿಕೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಮಿಂಚು ಸೇರಿಸಿದ್ದು, ರೋಮ ರೋಮ ಎದ್ದಿರುವುದು, ಗಂಟು ಗಂಟಾಗಿರುವುದು ಕಲಿಯುವವರಿಗೆ ಬೇಡವೇ ಬೇಡ. ತಪ್ಪಿದರೆ ಬಿಚ್ಚಲು ಬರುವುದಿಲ್ಲ, ಕಲಿಯುವ ಕೆಲಸದಲ್ಲಿ ಅರ್ಧ ಬಿಚ್ಚುವುದೇ ಇರುತ್ತದೆ.

ಆನ್‌ಲೈನಿನಲ್ಲಿ ಹದಿನೆಂಟು ಜೊತೆಯ ಸೆಟ್ ಅಗ್ಗಕ್ಕೆ ಸಿಗುತ್ತದೆ ನಿಜ. ಅದರಲ್ಲಿ ನೀವು ಮುಟ್ಟುವುದು ಮೂರೋ ನಾಲ್ಕೋ ಜೊತೆ. ಬೇಕಾದಾಗ ಬೇಕಾದ್ದನ್ನು ತರುವುದೇ ಲೇಸು.

ಕಡ್ಡಿ ನೋಡಿ ಉಲ್ಲನ್ ತರಬೇಕೋ, ಉಲ್ಲನ್ ನೋಡಿ ಕಡ್ಡಿ ತರಬೇಕೋ?

ಎರಡಕ್ಕೂ ಮೊದಲು ಹಾಕಿಕೊಳ್ಳುವವರನ್ನು ನೋಡಿ. ಯಾರು ಹಾಕುತ್ತಾರೆ, ಎಲ್ಲಿ ಹಾಕುತ್ತಾರೆ, ಯಾರು ಒಗೆಯುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಉಲ್ಲನ್ ಯಾವುದೆಂದು ಗೊತ್ತಾಗುತ್ತದೆ. ಉಲ್ಲನ್ ಗೊತ್ತಾದರೆ ಕಡ್ಡಿ ಸುಮಾರಾಗಿ ಗೊತ್ತಾಗುತ್ತದೆ. ಕೊನೆಯ ಮಾತನ್ನು ನಿಮ್ಮ ಕೈ ಹೇಳುತ್ತದೆ, ಅದು ಹೇಗೆಂದು ಮುಂದೆ ಬರೆದಿದ್ದೇನೆ. ನಮ್ಮಲ್ಲಿ ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮನೆಯಲ್ಲಿ ಅತ್ತೆಯ ಕಾಲದ ಕಡ್ಡಿ ಇರುತ್ತದೆ, ಅಂಗಡಿಯಲ್ಲಿ ಚೆಂದದ ಬಣ್ಣ ಕಾಣುತ್ತದೆ, ತಂದು ಶುರು ಮಾಡುತ್ತಾರೆ. ಆಮೇಲೆ ಸ್ವೆಟರ್ ಗೋಣಿತಟ್ಟಿನಂತೆ ಬಿರುಸಾಯಿತು ಎಂದು ಕೊರಗುತ್ತಾರೆ.

ಅಜ್ಜಿಯ ಕಡ್ಡಿ ಮೇಲೆ 10 ಅಂತಿದೆ, ನಾನು ತಂದದ್ದರ ಮೇಲೆ 3.25 ಅಂತಿದೆ. ಎರಡೂ ಒಂದೇ ದಪ್ಪ ಕಾಣುತ್ತಲ್ಲಾ ಅಕ್ಕಾ?

ಒಂದೇ. ನಮ್ಮ ಮನೆಗಳಲ್ಲಿರುವ ಹಳೆಯ ನಂಬರ್ ಬ್ರಿಟಿಷರ ಲೆಕ್ಕದ್ದು. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣಗಾಗುತ್ತದೆ. 14 ನಂಬರ್ ಅಂದರೆ 2 ಮಿ.ಮೀ., 12 ಅಂದರೆ 2.75, 11 ಅಂದರೆ 3, 10 ಅಂದರೆ 3.25, 9 ಅಂದರೆ 3.75, 8 ಅಂದರೆ 4, 7 ಅಂದರೆ 4.5, 6 ಅಂದರೆ 5, 4 ಅಂದರೆ 6 ಮಿ.ಮೀ.

ತೊಂದರೆ ಶುರುವಾಗುವುದು ಯೂಟ್ಯೂಬ್ ನೋಡಿದಾಗ. ಅಮೆರಿಕದವರ ನಂಬರ್ ಇದಕ್ಕೆ ಪೂರ್ತಿ ಉಲ್ಟಾ, ಅಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ. ಅವರ 8 ನಂಬರ್ 5 ಮಿ.ಮೀ., ನಮ್ಮ 8 ನಂಬರ್ 4 ಮಿ.ಮೀ. ಅಮೆರಿಕದ ವಿಡಿಯೋ ನೋಡಿ ಮಂಡಿಪೇಟೆಗೆ ಹೋಗಿ ‘8 ನಂಬರ್ ಕೊಡಿ’ ಎಂದರೆ ಅಂಗಡಿಯವರದೇನೂ ತಪ್ಪಿಲ್ಲ, ನಿಮ್ಮ ಟೋಪಿ ಮಾತ್ರ ತಲೆಗೆ ಇಳಿಯುವುದಿಲ್ಲ. ಹಾಗಾಗಿ ನಂಬರ್ ಬಿಡಿ, ಮಿಲಿಮೀಟರ್ ಕೇಳಿ. ನಂಬರ್ ಅಳಿಸಿಹೋದ ಕಡ್ಡಿಗಳಿಗೆ ತೂತು ತೂತಿನ ಅಳತೆಪಟ್ಟಿ ಸಿಗುತ್ತದೆ. ಕಡ್ಡಿ ಯಾವ ತೂತಿನಲ್ಲಿ ಸಡಿಲವೂ ಆಗದೆ, ಸಿಕ್ಕಿಕೊಳ್ಳದೆ ಹಾಯುತ್ತದೋ ಅದೇ ಅದರ ಅಳತೆ.

ಉಲ್ಲನ್ ಚೀಟಿಯ ಮೇಲೆ 4 ಮಿ.ಮೀ. ಅಂತ ಬರೆದಿದ್ದಾರೆ. ಅದೇ ಹಾಕಬೇಕಾ?

ಚೀಟಿಯವರು ಹೇಳುವುದು ಒಂದು ಅಂದಾಜು. ನಿಮ್ಮ ಕೈ ಬಿಗಿಯೋ ಸಡಿಲವೋ ಅವರಿಗೆ ಗೊತ್ತಿಲ್ಲ. ಒಂದೇ ಉಲ್ಲನ್, ಒಂದೇ ಕಡ್ಡಿ ಕೊಟ್ಟು ಅಕ್ಕ ತಂಗಿಯರನ್ನು ಕೂರಿಸಿದರೂ ಎರಡು ಅಳತೆಯ ಬಟ್ಟೆ ಬರುತ್ತದೆ.

ಅದಕ್ಕೇ ಸ್ಯಾಂಪಲ್ ತುಂಡು ಹೆಣೆಯಿರಿ ಎನ್ನುವುದು. ಸುಮಾರು 30 ಕುಣಿಕೆ ಏರಿಸಿ, ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲಿನಂತೆ 12–13 ಸೆಂ.ಮೀ. ಎತ್ತರಕ್ಕೆ ಹೆಣೆಯಿರಿ. ಕುಣಿಕೆ ಮುಚ್ಚಿ, ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಹಾಸಿ ಒಣಗಿಸಿ. ಆಮೇಲೆ ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇವೆ ಎಣಿಸಿ. ಅಂಚಿನದ್ದನ್ನು ಸೇರಿಸಬೇಡಿ, ಅಂಚು ಯಾವಾಗಲೂ ಸುಳ್ಳು ಹೇಳುತ್ತದೆ.

‘ಒಂದೆರಡು ಕುಣಿಕೆ ಹೆಚ್ಚು ಕಮ್ಮಿ ಆದರೇನು’ ಎನ್ನುವವರಿಗೆ ಒಂದು ಲೆಕ್ಕ. ಎದೆಸುತ್ತು 90 ಸೆಂ.ಮೀ. ಬೇಕು, ನೀವು ನೋಡಿಕೊಂಡು ಹೆಣೆಯುವ ಪ್ಯಾಟರ್ನಿನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಎಂದಿದೆ. ಸುತ್ತಲೂ 198 ಕುಣಿಕೆ ಬೇಕು. ನಿಮ್ಮ ಬಿಗಿ ಕೈಗೆ 22ರ ಬದಲು 24 ಬಂದರೆ ಅದೇ 198 ಕುಣಿಕೆ 82.5 ಸೆಂ.ಮೀ. ಮಾತ್ರ ಆಗುತ್ತದೆ. ಏಳೂವರೆ ಸೆಂಟಿಮೀಟರ್ ಹೋಯಿತು. ಗಂಡನಿಗೆ ಅಂತ ಹೆಣೆದದ್ದು ಮೈದುನನ ಪಾಲು. ಕುಣಿಕೆ ಹೆಚ್ಚು ಬಂದರೆ ಒಂದು ಅಳತೆ ದಪ್ಪದ ಕಡ್ಡಿ ಹಿಡಿಯಿರಿ, ಕಡಿಮೆ ಬಂದರೆ ಸಣ್ಣದು. ಕೈಯನ್ನು ಬೇಕೆಂದೇ ಸಡಿಲಿಸಲು ಹೋಗಬೇಡಿ. ಹತ್ತು ಸಾಲಿಗೆಲ್ಲ ಅದು ತನ್ನ ಹಳೇ ಚಾಳಿಗೆ ಬರುತ್ತದೆ.

ಮಫ್ಲರಿಗೆ, ಹಾಸಿಗೆಯ ಮೇಲಿನ ಹೊದಿಕೆಗೆ ಈ ಕಷ್ಟ ಬೇಕಿಲ್ಲ. ಎರಡು ಬೆರಳು ಅಗಲ ಆದರೆ ಯಾರ ಗಂಟೂ ಹೋಗುವುದಿಲ್ಲ.

2 ಪ್ಲೈ, 4 ಪ್ಲೈ, ಡಿಕೆ ಅಂದರೆ ಏನು?

ಪ್ಲೈ ಎಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎನ್ನುವ ಲೆಕ್ಕ. ಒಂದೊಂದು ಎಳೆಯೂ ಎಷ್ಟು ದಪ್ಪ ಎಂದು ಅದು ಹೇಳುವುದಿಲ್ಲ. ಹಾಗಾಗಿ ಒಬ್ಬರ 4 ಪ್ಲೈ ಇನ್ನೊಬ್ಬರ 4 ಪ್ಲೈಗಿಂತ ದಪ್ಪ ಇರಬಹುದು. ರೂಢಿಯ ಲೆಕ್ಕ ಹೀಗಿದೆ: 4 ಪ್ಲೈಗೆ 3.25 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ ಸುಮಾರು 28 ಕುಣಿಕೆ, ಡಿಕೆಗೆ 4 ಮಿ.ಮೀ. ಕಡ್ಡಿಯಲ್ಲಿ 22, ಇನ್ನೂ ದಪ್ಪಗಿನ ಅರಾನ್‌ಗೆ 5 ಮಿ.ಮೀ. ಕಡ್ಡಿಯಲ್ಲಿ 18, ಚಂಕಿಗೆ 6 ಅಥವಾ 6.5 ಮಿ.ಮೀ. ಕಡ್ಡಿಯಲ್ಲಿ 14. ನಮ್ಮ ಹವೆಗೆ ಚಂಕಿ ಸ್ವೆಟರ್ ಅತಿಯಾಯಿತು. ಟೋಪಿಗೋ ಬ್ಯಾಗಿಗೋ ಸರಿ.

ಚೀಟಿಯೇ ಇಲ್ಲದೆ ತೂಕದ ಲೆಕ್ಕದಲ್ಲಿ ಸಿಗುವ ಉಲ್ಲನ್ ತರಬಹುದಾ? ದಪ್ಪ ಗೊತ್ತಾಗೋದು ಹೇಗೆ? ನಿಜವಾದ ಉಣ್ಣೆಯೇ ಅಂತ ತಿಳಿಯೋದು ಹೇಗೆ?

ತರಬಹುದು, ಒಂದೇ ಸಲಕ್ಕೆ ಪೂರ್ತಿ ತನ್ನಿ.

ದಪ್ಪಕ್ಕೆ: ಸ್ಕೇಲಿನ ಒಂದು ಇಂಚಿನ ಜಾಗಕ್ಕೆ ದಾರವನ್ನು ಪಕ್ಕಪಕ್ಕದಲ್ಲಿ, ಎಳೆಯದೆ, ಒತ್ತದೆ ಸುತ್ತಿ. 14 ಸುತ್ತಿನ ಆಸುಪಾಸು ಹಿಡಿದರೆ 4 ಪ್ಲೈ, 11–12 ಹಿಡಿದರೆ ಡಿಕೆ, 8–9 ಹಿಡಿದರೆ ಅರಾನ್.

ಜಾತಿಗೆ: ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ವಾಸನೆ ಬಿಟ್ಟು ಉರಿದು ಹಗುರ ಬೂದಿಯಾಗುತ್ತದೆ. ಅಕ್ರಿಲಿಕ್, ಅಂದರೆ ಕಾರ್ಖಾನೆಯ ಕೃತಕ ನೂಲು, ಕರಗಿ, ತಣಿದ ಮೇಲೆ ಗಟ್ಟಿ ಕಪ್ಪು ಮಣಿಯಾಗುತ್ತದೆ. ಬೆರಕೆಯಾದರೆ ಗುಣಗಳೂ ಬೆರಕೆ. ಮಕ್ಕಳು ಹತ್ತಿರ ಇಲ್ಲದಾಗ ಮಾಡಿ, ಪಕ್ಕದಲ್ಲಿ ನೀರಿರಲಿ.

ನಮ್ಮ ಹವೆಗೆ ಅಕ್ರಿಲಿಕ್ ಒಳ್ಳೆಯದೋ, ಉಣ್ಣೆಯೋ?

ನಾವು ‘ಉಲ್ಲನ್’ ಎಂದು ತರುವುದರಲ್ಲಿ ಬಹುಪಾಲು ಅಕ್ರಿಲಿಕ್ಕೇ. ಲೂಧಿಯಾನದ ವರ್ಧಮಾನ್‌ನಂಥ ಕಂಪನಿಗಳ ಮಾಲು ಊರೂರಿಗೆ ಬರುತ್ತದೆ. ಅಕ್ರಿಲಿಕ್ ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ. ಅಗ್ಗ, ಹಗುರ, ಬಣ್ಣ ನಿಲ್ಲುತ್ತದೆ, ಮೆಷಿನ್‌ಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಸ್ಕೂಲಿಗೆ ಹೋಗುವ ಮಗು ದಿನವೂ ಮಣ್ಣು ಮಾಡಿಕೊಂಡು ಬರುವ ಸ್ವೆಟರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಬೆವರಿನ ಲೆಕ್ಕದಲ್ಲಿ ಅದು ಸೋಲುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ಹೀರುವುದು ತೀರ ಕಡಿಮೆ. ಬೆಳಿಗ್ಗೆ ಆರಕ್ಕೆ ನಡುಗಿಸಿ ಹನ್ನೊಂದಕ್ಕೆ ಸುಡುವ ನಮ್ಮ ಜನವರಿಗೆ ಇದು ದೊಡ್ಡ ಸಂಗತಿ. ಅಪ್ಪಾಜಿ ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳುವ ತೋಳಿಲ್ಲದ ಸ್ವೆಟರಿಗೆ ಉಣ್ಣೆ ಅಥವಾ ಅರ್ಧಕ್ಕರ್ಧ ಬೆರಕೆ ತನ್ನಿ ಎನ್ನುತ್ತೇನೆ. ಮೆರಿನೊ ಎನ್ನುವ ಕುರಿಯ ನವಿರು ಉಣ್ಣೆ ಸಿಕ್ಕರೆ ಇನ್ನೂ ಮೆತ್ತಗೆ, ಬೆಲೆ ಮಾತ್ರ ಕೈ ಕಚ್ಚುತ್ತದೆ.

ಚಿತ್ರದುರ್ಗದವರಿಗೆ ಬೇರೆ ಮಾತು. ಅಲ್ಲಿ ಚಳಿಗಿಂತ ಗಾಳಿಯ ಕಾಟ ಹೆಚ್ಚು. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಹೆಣಿಗೆಯ ಬಟ್ಟೆಯಲ್ಲಿ ಎಷ್ಟಾದರೂ ತೂತುಗಳು, ಉಲ್ಲನ್ ಎಷ್ಟೇ ದಪ್ಪ ಇದ್ದರೂ ಬೈಕಿನಲ್ಲಿ ಕೂತರೆ ಗಾಳಿ ನುಗ್ಗುತ್ತದೆ. ಜಾಳು ಜಾಳು ಡಿಸೈನ್ ಬಿಟ್ಟು, ಒಂದು ಅಳತೆ ಸಣ್ಣ ಕಡ್ಡಿಯಲ್ಲಿ ಒತ್ತಾಗಿ ಹೆಣೆಯಿರಿ. ಮೇಲೆ ತೆಳುವಾದ ವಿಂಡ್‌ಚೀಟರ್ ಹಾಕಿಕೊಂಡರೆ ಒಳಗಿನ ಸ್ವೆಟರ್ ತನ್ನ ಕೆಲಸ ಮಾಡುತ್ತದೆ.

ಹುಟ್ಟಲಿರುವ ಮಗುವಿಗೆ ಕುಲಾವಿ, ಸ್ವೆಟರ್, ಕಾಲುಚೀಲ ಹೆಣೆಯಬೇಕು. ಯಾವುದು ಮೆತ್ತಗೆ?

ಉಂಡೆಯನ್ನು ಕೈಯಲ್ಲಿ ಹಿಸುಕಿ ನೋಡಿದರೆ ಏನೂ ಗೊತ್ತಾಗದು, ಕೈ ಚರ್ಮ ಒರಟು. ಕುತ್ತಿಗೆಗೆ, ಕಿವಿಯ ಕೆಳಗೆ ಉಜ್ಜಿ ನೋಡಿ. ಅಲ್ಲಿ ಚುಚ್ಚದಿದ್ದರೆ ಮಗುವಿಗೂ ಚುಚ್ಚದು. ಬೇಬಿ ಉಲ್ಲನ್ ಎಂದು ಸಿಗುವ ಮೆತ್ತನೆಯ ಅಕ್ರಿಲಿಕ್ ಆಗಬಹುದು, ಬೇಸಿಗೆಯಲ್ಲಿ ಹುಟ್ಟುವ ಮಗುವಿಗೆ ಹತ್ತಿ ದಾರವೇ ಸರಿ. ನಮ್ಮ ಕಡೆ ಬಾರ್ಡರಿಗೆ 12 ನಂಬರ್, ಮೈಗೆ 10 ನಂಬರ್ ಹಿಡಿಯುವ ರೂಢಿ ಇದೆ, ಸಣ್ಣ ದಾರಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ.

ಉಲ್ಲನ್‌ಗಿಂತ ಹೆಚ್ಚು ಗಮನ ಬೇಕಾದ್ದು ಇನ್ನೊಂದಿದೆ. ಎರಡು ಬಣ್ಣದ ಡಿಸೈನ್ ಹಾಕಿದಾಗ ಒಳಗಡೆ ಉದ್ದುದ್ದ ದಾರ ಹಾಯ್ದಿರುತ್ತದೆ. ಕಾಲುಚೀಲದೊಳಗೆ ಅದು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಬಹುದು. ಮಗುವಿನ ಕೈ ಕಾಲು ಚೀಲಗಳು ಒಂದೇ ಬಣ್ಣದಲ್ಲಿರಲಿ, ಹಾಕುವ ಮುಂಚೆ ಒಳಮೈ ಹೊರಗೆ ಮಾಡಿ ನೋಡಿ. ಕುಲಾವಿಗೆ ಉದ್ದನೆ ದಾರ, ಮಣಿ, ಕಿತ್ತುಬರುವ ಕುಚ್ಚು ಬೇಡ. ಮಲಗಿಸುವಾಗ ಕಟ್ಟುವ ಟೋಪಿ ತೆಗೆದುಬಿಡಿ.

ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ, ಸಾಂಬ್ರಾಣಿ ಹೊಗೆ ಹಾಕುವ ಮನೆಗಳು ಇನ್ನೂ ಇವೆ. ಅಕ್ರಿಲಿಕ್‌ಗೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಲ್ಲಿ ಹೊದೆಯಲು ಹಳೆಯ ಹತ್ತಿ ಸೀರೆ, ಕುಂಚಿಗೆಗಳೇ ಇರಲಿ. ಇದೇ ಕಾರಣಕ್ಕೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನೂ ಅಕ್ರಿಲಿಕ್‌ನಲ್ಲಿ ಹೆಣೆಯಬಾರದು.

ದಾವಣಗೆರೆ ಅಂದರೆ ಹತ್ತಿ ಗಿರಣಿಗಳ ಊರು. ಮಗ್ಗದ ನೂಲು ಅಗ್ಗಕ್ಕೆ ಸಿಕ್ಕರೆ ಅದರಲ್ಲೇ ಹೆಣೆಯಬಹುದಲ್ಲ?

ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ನೆನಪು ಇನ್ನೂ ಹಸಿಯಾಗಿದೆ, ಈ ಪ್ರಶ್ನೆ ಬರುವುದು ಸಹಜವೇ. ಆದರೆ ಮಗ್ಗದ ನೂಲು ಹೆಣಿಗೆಗೆ ತೀರ ಸಣ್ಣ. ನೂಲಿನ ಕೌಂಟ್ ಎಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಎಂಬ ಲೆಕ್ಕ. ಇಲ್ಲೂ ಹಳೆಯ ಕಡ್ಡಿಯ ಹಾಗೇ ನಂಬರ್ ಏರಿದರೆ ನೂಲು ಸಣ್ಣ. 20 ಕೌಂಟಿನ ಒಂಟಿ ನೂಲು ಒಂದು ಗ್ರಾಮಿಗೆ ಹತ್ತಿರ ಹತ್ತಿರ 34 ಮೀಟರ್ ಉದ್ದ ಬರುತ್ತದೆ. ಹೆಣಿಗೆಯ 4 ಪ್ಲೈ ಹತ್ತಿ ದಾರ ಗ್ರಾಮಿಗೆ ಮೂರೂವರೆ ಮೀಟರಿಗಿಂತ ಹೆಚ್ಚಿರುವುದಿಲ್ಲ. ಅಂದರೆ ಹತ್ತು ಎಳೆ ಕೂಡಿಸಬೇಕು. ಕೂಡಿಸಿದರೂ ಹುರಿಯಾಗಿಲ್ಲದ ಎಳೆಗಳ ನಡುವೆ ಕಡ್ಡಿಯ ಮೊನೆ ತೂರಿ ಪ್ರತಿ ಕುಣಿಕೆಗೂ ಜಗಳ. ಸಾಲದ್ದಕ್ಕೆ ಒಂದೇ ದಿಕ್ಕಿಗೆ ಹುರಿದ ಒಂಟಿ ನೂಲಾದ್ದರಿಂದ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ.

ಹೆಣಿಗೆಗೆಂದೇ ಮಾಡಿದ ಹತ್ತಿ ದಾರ ತನ್ನಿ. ಅದಕ್ಕೂ ಉಣ್ಣೆಯ ಜಿಗಿತ ಇರುವುದಿಲ್ಲ. ಬಾರ್ಡರ್ ಬೇಗ ಸಡಿಲವಾಗುತ್ತದೆ, ಉದ್ದನೆಯ ಸ್ವೆಟರ್ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಬಾರ್ಡರಿಗೆ ಎರಡು ಅಳತೆ ಸಣ್ಣ ಕಡ್ಡಿ ಹಿಡಿದರೆ ಸ್ವಲ್ಪ ತಡೆಯುತ್ತದೆ.

ಚಳ್ಳಕೆರೆಯ ಕಂಬಳಿ ಉಣ್ಣೆಯಲ್ಲಿ ಸ್ವೆಟರ್ ಆಗುತ್ತಾ?

ಆಗುತ್ತದೆ, ಹಾಕಿಕೊಳ್ಳಲು ಧೈರ್ಯ ಬೇಕು. ಚಳ್ಳಕೆರೆ ಕಡೆಯ ಕುರುಬರ ಮನೆಗಳಲ್ಲಿ ನೂಲುವುದು ನಮ್ಮ ದಖ್ಖನಿ ಕುರಿಯ ಉಣ್ಣೆ. ಉಣ್ಣೆಯ ಎಳೆ 30 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 30 ಪಾಲಿಗಿಂತ ದಪ್ಪ ಇದ್ದರೆ ಅದರ ತುದಿ ಚರ್ಮಕ್ಕೆ ಒತ್ತಿ ಕಡಿತ ಶುರುವಾಗುತ್ತದೆ. ದಖ್ಖನಿ ಉಣ್ಣೆ ಆ ಗೆರೆ ದಾಟಿದ್ದು. ಮೆರಿನೊ ಅದಕ್ಕಿಂತ ಬಹಳ ಕೆಳಗೆ ನಿಲ್ಲುತ್ತದೆ. ಕಂಬಳಿಗೆ ಆ ಬಿರುಸೇ ಬಲ. ಮಗ್ಗದ ಉದ್ದೆಳೆಗಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿಯಾಗಿ ನೇಯ್ದ ಕಂಬಳಿ ಮಳೆಗೂ ಜಗ್ಗುವುದಿಲ್ಲ. ಕೊರಳಿಗೆ ಮಾತ್ರ ಅದು ಆಗದು.

ಹಾಗೆಂದು ಬಿಡಬೇಡಿ. ಗಂಜಿ ಹಾಕದ ನೂಲನ್ನು ಕೇಳಿ ತಂದು 5 ಅಥವಾ 6 ಮಿ.ಮೀ. ಕಡ್ಡಿಯಲ್ಲಿ ಕೂರುವ ಚಾಪೆ, ಕೈಚೀಲ ಹೆಣೆಯಿರಿ. ಆ ಕಪ್ಪು ಕಂದು ಬಣ್ಣ ಯಾವ ಡಬ್ಬಿಯ ಬಣ್ಣದಿಂದಲೂ ಬರುವಂಥದ್ದಲ್ಲ.

ಕಡ್ಡಿ ಅಲ್ಯೂಮಿನಿಯಂದೋ, ಬಿದಿರಿನದೋ, ಪ್ಲಾಸ್ಟಿಕ್ಕಿನದೋ?

ಕುಣಿಕೆ ಜಾರಿ ಬೀಳುತ್ತಿದ್ದರೆ ಬಿದಿರು, ಕೈ ಬಿಗಿಯಾಗಿ ಕುಣಿಕೆ ಮುಂದೆ ಹೋಗದಿದ್ದರೆ ಲೋಹ. ಪೋನಿ ಕಂಪನಿಯ ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿಗಳು ಎಷ್ಟೋ ಮನೆಗಳಲ್ಲಿವೆ, ಹಗುರ, ಬಾಳಿಕೆ ಬರುತ್ತವೆ. ಸಣ್ಣ ಅಳತೆಯಲ್ಲಿ ಪ್ಲಾಸ್ಟಿಕ್ ಬಾಗುತ್ತದೆ, ಬಿದಿರು ಮುರಿಯುತ್ತದೆ. 3 ಮಿ.ಮೀ.ಗಿಂತ ಕೆಳಗೆ ಲೋಹವೇ ಇರಲಿ. ಬಿದಿರಿನದನ್ನು ತರುವಾಗ ಮೊನೆಯನ್ನು ಬೆರಳಲ್ಲಿ ಸವರಿ ನೋಡಿ, ಸಿಬಿರು ಇದ್ದರೆ ದಾರ ಹಿಡಿದೆಳೆಯುತ್ತದೆ. ಇದ್ದದ್ದೇ ತಂದಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿ ಒರೆಸಿ.

ವೈರ್ ಇರೋ ದುಂಡು ಕಡ್ಡಿ ಯಾಕೆ? ಅದರಲ್ಲೂ ಉದ್ದ ಎಷ್ಟು?

ದುಂಡಗೆ, ಹೊಲಿಗೆಯಿಲ್ಲದೆ ಟೋಪಿ ಅಥವಾ ಸ್ವೆಟರಿನ ಮೈ ಹೆಣೆಯಲು. ಹಿಂದೆ ಮುಂದೆ ಹೋಗುವ ಸಾದಾ ಹೆಣಿಗೆಯನ್ನೂ ಅದರಲ್ಲಿ ಮಾಡಬಹುದು, ಬಟ್ಟೆಯ ಭಾರ ತೊಡೆಯ ಮೇಲೆ ಕೂರುವುದರಿಂದ ಮಣಿಕಟ್ಟಿಗೆ ಆರಾಮ. ಕೈ ನೋವೆನ್ನುವ ಅತ್ತೆಯಂದಿರಿಗೆ ನಾನು ಮೊದಲು ಕೊಡಿಸುವುದು ಇದನ್ನೇ. ಬಸ್ಸಿನಲ್ಲಿ ಪಕ್ಕದವರಿಗೆ ಕಡ್ಡಿ ತಿವಿಯುವುದೂ ಇಲ್ಲ.

ಕಡ್ಡಿಯ ಉದ್ದ ಹೆಣೆಯುವ ಸುತ್ತಳತೆಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಕುಣಿಕೆಗಳು ಎಳೆದುಕೊಳ್ಳುತ್ತವೆ. ದೊಡ್ಡವರ ಟೋಪಿಗೆ 40 ಸೆಂ.ಮೀ., ಸ್ವೆಟರಿಗೆ 60 ಅಥವಾ 80. ಹೊಸ ವೈರ್ ಸುರುಳಿ ಸುತ್ತಿಕೊಂಡಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಎಳೆದು ಹಿಡಿಯಿರಿ. ಕಾಲುಚೀಲಕ್ಕೆ ಎರಡೂ ಕಡೆ ಮೊನೆ ಇರುವ ಐದು ಕಡ್ಡಿಯ ಕಟ್ಟು ಬೇಕು, 2.5 ಮಿ.ಮೀ.ನದ್ದು. ದಾರದಲ್ಲಿ ಸ್ವಲ್ಪ ನೈಲಾನ್ ಸೇರಿರಲಿ, ಬರೀ ಉಣ್ಣೆ ಹಿಮ್ಮಡಿಯಲ್ಲಿ ಬೇಗ ತೂತಾಗುತ್ತದೆ.

ಎಷ್ಟು ತರಬೇಕು?

ಡಿಕೆ ದಪ್ಪದ್ದಾದರೆ ಕುಲಾವಿಗೆ 50 ಗ್ರಾಂ, ಎಳೆಮಗುವಿನ ಸ್ವೆಟರಿಗೆ 150ರಿಂದ 200, ಮಫ್ಲರಿಗೆ 200, ದೊಡ್ಡವರ ತೋಳಿಲ್ಲದ್ದಕ್ಕೆ 300ರ ಆಚೀಚೆ, ತುಂಬುತೋಳಿನದ್ದಕ್ಕೆ 400ರಿಂದ 600. ಜಡೆಯಂಥ ಕೇಬಲ್ ಡಿಸೈನಿಗೆ ಇನ್ನೂ ಹೆಚ್ಚು ಬೇಕು.

ಒಂದು ಉಂಡೆ ಹೆಚ್ಚೇ ತನ್ನಿ. ಚೀಟಿಯಲ್ಲಿ ಶೇಡ್ ನಂಬರ್ ಅಲ್ಲದೆ ಲಾಟ್ ನಂಬರ್ ಕೂಡ ಇರುತ್ತದೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ಗುರುತು. ಶೇಡ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಅಂಗಡಿಯ ದೀಪದಲ್ಲಿ ಸರಿಯಾಗಿಯೇ ಕಂಡು ಬಿಸಿಲಿಗೆ ಬಂದಾಗ ಎದೆಗೊಂದು ಬಣ್ಣ, ತೋಳಿಗೊಂದು ಬಣ್ಣ ಆಗುತ್ತದೆ. ಬೇರೆ ಲಾಟ್ ಬಿಟ್ಟರೆ ಗತಿಯಿಲ್ಲ ಎಂದಾದರೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹೀಗೆ ಬೆರೆಸುತ್ತಾ ಹೋಗಿ, ಗೆರೆ ಕಾಣುವುದಿಲ್ಲ.

ಹಳೇ ಸ್ವೆಟರ್ ಬಿಚ್ಚಿ ಹೊಸದು ಹೆಣೆಯಬಹುದಾ?

ಧಾರಾಳವಾಗಿ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ನೇತುಹಾಕಿ. ಉಣ್ಣೆ ನೆಟ್ಟಗಾಗುತ್ತದೆ. ಅಕ್ರಿಲಿಕ್ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ, ಆದರೂ ಹೆಣೆಯಬಹುದು. ಅಂಗಡಿಯ ರೆಡಿಮೇಡ್ ಸ್ವೆಟರ್ ಬಿಚ್ಚುವ ಮುಂಚೆ ಪಕ್ಕದ ಹೊಲಿಗೆ ನೋಡಿ. ಬಟ್ಟೆ ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಸಾಲು ಸಾಲಿಗೂ ತುಂಡು ದಾರವೇ ಸಿಗುತ್ತದೆ.

ಒಗೆಯೋದು ಹೇಗೆ?

ಉಣ್ಣೆಗೆ ಬಿಸಿನೀರು ಮತ್ತು ತಿಕ್ಕಾಟ ಎರಡೂ ಕೂಡಿದರೆ ಕೆಟ್ಟಿತು, ಎಳೆಗಳ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಗಟ್ಟಿಯಾಗಿ ಕುಗ್ಗುತ್ತದೆ. ತಣ್ಣೀರಿನಲ್ಲಿ ಅಂಟುವಾಳದ ನೊರೆ ಮಾಡಿ ಅದ್ದಿ ತೆಗೆಯಿರಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪಿಗಿಂತ ಅದೇ ವಾಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ತಂತಿಗೆ ಹಾಕಿದರೆ ಜೋಲುತ್ತದೆ, ಮಂಚದ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಲೇಬೇಡಿ. ಒಮ್ಮೆ ಬಿಸಿ ಹತ್ತಿದರೆ ಅದರ ಜಿಗಿತ ಹೋಗಿ ಜೋತುಬೀಳುತ್ತದೆ, ಮತ್ತೆ ಬರುವುದಿಲ್ಲ.

ಉಲ್ಲನ್ ಡಬ್ಬಿಗೆ ನುಸಿಗುಳಿಗೆ ಬೇಕೇ ಬೇಕಾ?

ಉಣ್ಣೆಗೆ ಮಾತ್ರ. ನುಸಿ ಮೊಟ್ಟೆಯಿಡುವುದು ಬೆವರು, ಎಣ್ಣೆಯ ಕಲೆ ಇರುವಲ್ಲಿ, ಆದ್ದರಿಂದ ಒಗೆಯದೆ ಎತ್ತಿಡಬೇಡಿ. ಒಣಗಿದ ಬೇವಿನ ಎಲೆ ಹಾಕಿ, ಯುಗಾದಿಯ ಹೊತ್ತಿಗೊಮ್ಮೆ, ದಸರೆಯ ಹೊತ್ತಿಗೊಮ್ಮೆ ಬಿಸಿಲಿಗೆ ಕೊಡವಿ. ಎಳೆಮಗುವಿನ ಬಟ್ಟೆಯಿರುವ ಡಬ್ಬಿಗೆ ನುಸಿಗುಳಿಗೆ ಹಾಕಲೇಬೇಡಿ.